ಕೋಲಾರದ ದಾಕು ರಿಜಿಸ್ಟರುಗಳನ್ನು ರದ್ದಿಗೆ ಹಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

ನೂರು ವರ್ಷದ ಹಿಂದೆ ಕೋಲಾರ ಪಟ್ಟಣ ಮತ್ತು ಚಿನ್ನದ ಗಣಿ ಪ್ರದೇಶದಲ್ಲಿ ಸಿಡುಬು ಹರಡುತ್ತಿದ್ದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆವು. ಯಾರೂ ಮುಟ್ಟದ ವಿಷಯವನ್ನು ಎತ್ತಿಕೊಂಡದ್ದು ಸಂತೋಷ. ಆದರೆ ಲೇಖನದ ತಿರುಳು ಇಷ್ಟೇ: ಸರ್ಕಾರ ದಾಕು (ಸಿಡುಬಿನ ಲಸಿಕೆ) ಹಾಕಿಸಲು ಬಂತು, ಜನ ಮಾರಮ್ಮನಿಗೆ ಹೆದರಿ ಬಾಗಿಲು ಹಾಕಿಕೊಂಡರು, ಹಾಗಾಗಿ ರೋಗ ಎಪ್ಪತ್ತರ ದಶಕದವರೆಗೂ ದೇಶ ಬಿಟ್ಟು ಹೋಗಲಿಲ್ಲ. ಬಾಗಿಲು ಹಾಕಿಕೊಂಡವರು ಇದ್ದರು, ಇಲ್ಲವೆನ್ನುವುದಿಲ್ಲ. ಬಾಗಿಲು ತೆರೆದು ಮಕ್ಕಳ ತೋಳು ಒಡ್ಡಿದ ಮನೆಗಳಿಗೂ ಸಿಡುಬು ಬಂತಲ್ಲ, ಅದಕ್ಕೆ ಯಾರನ್ನು ಬೈಯೋಣ? ಲೇಖಕರು ಈ ಪ್ರಶ್ನೆಯ ಹತ್ತಿರವೇ ಸುಳಿದಿಲ್ಲ.

ಲೇಖನದ ಜೊತೆ ಅಚ್ಚಾಗಿರುವುದು ಎಂದಿನಂತೆ ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ. 1805ರ ಸುಮಾರಿನದು, ದಾಕಿನ ಪ್ರಚಾರಕ್ಕೆಂದೇ ಬರೆಸಿದ್ದು ಎಂದು ಇತಿಹಾಸಕಾರರು ವಾದಿಸಿದ ಚಿತ್ರ. ನೋಡಲು ಚೆಂದ. ಆದರೆ ಅದಕ್ಕೂ ಲೇಖನ ಹೇಳುವ ಕಾಲಕ್ಕೂ ನೂರು ವರ್ಷ ಅಂತರ. ಮದ್ದು ಬೇರೆ, ತಯಾರಿಸುವ ಕ್ರಮ ಬೇರೆ, ಹಾಕುವವರು ಬೇರೆ. ಅರಮನೆಯ ತೋಳು ತೋರಿಸಿ ಬೌರಿಂಗ್‌ಪೇಟೆಯ (ಇಂದಿನ ಬಂಗಾರಪೇಟೆ) ಕೂಲಿ ಲೈನಿನ ಕಥೆ ಹೇಳಲಾಗದು.

ಮೊದಲಿಗೆ ಮದ್ದಿನ ವಿಚಾರ. ಸಿಡುಬಿನ ದಾಕನ್ನು ಸಿರಿಂಜಿನಲ್ಲಿ ಮಾಂಸದೊಳಕ್ಕೆ ಇಳಿಸುತ್ತಿರಲಿಲ್ಲ. ತೋಳಿನ ಚರ್ಮದ ಮೇಲ್ಪದರವನ್ನಷ್ಟೇ ಗೀರಿ ಅದಕ್ಕೆ ಲಿಂಫು, ಅಂದರೆ ದಾಕಿನ ಗುಳ್ಳೆಯಿಂದ ತೆಗೆದ ಮದ್ದು, ಹಚ್ಚುತ್ತಿದ್ದರು. ಲಿಂಫಿನಲ್ಲಿರುವುದು ಜೀವಂತ ವೈರಾಣು. ಅದು ಆ ಗೀರಿನಲ್ಲೇ ಬೆಳೆಯಬೇಕು, ಗುಳ್ಳೆ ಏಳಿಸಬೇಕು. ಸತ್ತ ಲಿಂಫು ಹಚ್ಚಿದರೆ ಬರೀ ಗೀರು ಉಳಿಯುತ್ತದೆ, ಎರಡು ದಿನಕ್ಕೆ ಮಾಯುತ್ತದೆ, ರಕ್ಷಣೆ ಸೊನ್ನೆ. ಹಾಕಿದ ದಿನ ಇವೆರಡರ ನಡುವೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಮುಂದೆ ಹೇಳುವುದೆಲ್ಲ ಇದೊಂದು ಸಂಗತಿಗೆ ಅಂಟಿಕೊಂಡಿದೆ.

ಇಂಡಿಯಾದಲ್ಲಿ ಮೊದಲ ದಾಕು ಹತ್ತಿದ್ದು 1802ರ ಜೂನ್‌ನಲ್ಲಿ, ಬೊಂಬಾಯಿಯಲ್ಲಿ, ಮೂರು ವರ್ಷದ ಆನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ. ಆಮೇಲೆ ದಶಕಗಳ ಕಾಲ ನಡೆದದ್ದು ತೋಳಿನಿಂದ ತೋಳಿಗೆ ದಾಟಿಸುವ ಕ್ರಮ. ದಾಕು ಹಾಕಿದ ಎಂಟನೇ ದಿನಕ್ಕೆ ಮಗುವಿನ ತೋಳಿನ ಗುಳ್ಳೆ ತುಂಬಿಕೊಂಡು ಮುತ್ತಿನ ಬಣ್ಣಕ್ಕೆ ಬರುತ್ತದೆ. ಅದನ್ನು ಲ್ಯಾನ್ಸೆಟ್ಟಿನ (ದಾಕು ಹಾಕುವ ಚೂಪಾದ ಪುಟ್ಟ ಅಲಗು) ತುದಿಯಿಂದ ಅಲ್ಲಲ್ಲಿ ಚುಚ್ಚಿ, ಒಸರುವ ತಿಳಿನೀರನ್ನು ಮುಂದಿನ ಮಗುವಿನ ತೋಳಿಗೆ ಹಚ್ಚಬೇಕು. ಒಂದು ವಾರ ಹೊಸ ಮಕ್ಕಳು ಸಿಗದಿದ್ದರೆ ಸರಪಳಿ ಕಡಿದಂತೆಯೇ. ಯಾರ ಮಗುವಿನ ನೀರು ಯಾರ ಮಗುವಿಗೆ ಎಂಬ ಜಾತಿಯ ಪ್ರಶ್ನೆ ಒಂದು ಕಡೆ. ತನ್ನ ಮಗುವಿನ ಗುಳ್ಳೆ ಒಡೆದರೆ ಕೂಸು ಸೊರಗುತ್ತದೆ ಎಂಬ ತಾಯಿಯ ಭಯ ಇನ್ನೊಂದು ಕಡೆ. ಇದರಲ್ಲಿ ಎರಡನೆಯದನ್ನು ಮೌಢ್ಯ ಎಂದು ತಳ್ಳಿಹಾಕುವುದು ಸುಲಭವಲ್ಲ, ಏಕೆಂದರೆ ಈ ಕ್ರಮದಲ್ಲಿ ಸಿಫಿಲಿಸ್, ಸರ್ಪಸುತ್ತಿನಂತೆ ಕೆಂಪೇರಿ ಹರಡುವ ಚರ್ಮದ ನಂಜು ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟಿದ್ದು ಯುರೋಪಿನಲ್ಲೇ ದಾಖಲಾಗಿತ್ತು. ಇಂಗ್ಲೆಂಡಿನಲ್ಲಿ ಇದಕ್ಕೆ ಪೂರ್ತಿ ತಡೆ ಬಿದ್ದದ್ದು 1898ರಲ್ಲಿ. ತಾಯಂದಿರು ಎಂಟನೇ ದಿನ ಮಗುವನ್ನು ಮರೆಮಾಡುತ್ತಿದ್ದದ್ದಕ್ಕೆ ಮಾರಮ್ಮನೊಬ್ಬಳೇ ಕಾರಣಳಲ್ಲ. ಮಕ್ಕಳ ತೋಳಿನ ಬದಲು ಕರುವಿನ ಮೈಯಿಂದ ತೆಗೆದ ಲಿಂಫು ಬಂದು ಗುಳ್ಳೆ ಒಡೆಯುವುದು ನಿಂತ ಮೇಲೂ ಎಂಟನೇ ದಿನದ ಹೆದರಿಕೆ ಜನರ ಮನಸ್ಸಿನಿಂದ ಹೋಗಲು ಕಾಲ ಹಿಡಿದಿರಬೇಕು ಎಂಬುದು ನಮ್ಮ ಅನಿಸಿಕೆ.

ಕರುವಿನ ಲಿಂಫು ಹೇಗೆ ತಯಾರಾಗುತ್ತಿತ್ತು ಎಂದು ಲೇಖನ ಹೇಳಿಲ್ಲ. ಇಂಡಿಯಾದಲ್ಲಿ ಹಸುವಿನ ಕರುವನ್ನೂ ಎಮ್ಮೆಯ ಕರುವನ್ನೂ ಬಳಸುತ್ತಿದ್ದರು. ಕರುವನ್ನು ಕೆಲವು ದಿನ ಬೇರೆ ಕಟ್ಟಿ, ಜ್ವರ, ಭೇದಿ ಇಲ್ಲವೆಂದು ನೋಡಿಕೊಂಡು, ಓರೆ ಮಾಡಬಹುದಾದ ಮೇಜಿಗೆ ಕಾಲು ಬಿಗಿದು ಮಲಗಿಸುತ್ತಾರೆ. ಹೊಟ್ಟೆಯ ಭಾಗದ ಕೂದಲು ಬೋಳಿಸಿ, ಸೋಪು ನೀರಿನಲ್ಲಿ ತಿಕ್ಕಿ ತೊಳೆದು, ಒರೆಸಿ, ಒಂದರ ಪಕ್ಕ ಒಂದು ಸಾಲಾಗಿ ಗೀರು ಹಾಕಿ ಬೀಜದ ಲಿಂಫನ್ನು ಉಜ್ಜುತ್ತಾರೆ. ಐದು ದಿನಕ್ಕೆ, ಅಂದರೆ ಸುಮಾರು 120 ಗಂಟೆಗೆ, ಗೀರಿನುದ್ದಕ್ಕೂ ಗುಳ್ಳೆ ಎದ್ದು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬಿಟ್ಟರೆ ಕೀವಾಗುತ್ತದೆ, ಅವಸರ ಮಾಡಿದರೆ ಸತ್ವ ಸಾಲದು. ಮತ್ತೆ ತೊಳೆದು, ಅಂಚು ಹರಿತವಾದ ಚಮಚದಿಂದ ಸಾಲು ಸಾಲಾಗಿ ಕೆರೆದು ತೆಗೆದ ತಿರುಳನ್ನು ತೂಕ ಮಾಡಿ, ಅದರ ಹಲವು ಪಾಲು ಗ್ಲಿಸರಿನ್ ನೀರು ಸೇರಿಸಿ ನುಣ್ಣಗೆ ಅರೆಯುತ್ತಾರೆ. ಗ್ಲಿಸರಿನ್ನಿನದು ಬರೀ ತೆಳುಮಾಡುವ ಕೆಲಸವಲ್ಲ. ಕರುವಿನ ಮೈಯಿಂದ ಬಂದ ಬೇರೆ ಕ್ರಿಮಿಗಳನ್ನು ಅದು ಕೆಲವು ವಾರದಲ್ಲಿ ಕೊಲ್ಲುತ್ತದೆ, ದಾಕಿನ ವೈರಾಣುವನ್ನು ಅಷ್ಟು ಬೇಗ ಕೊಲ್ಲುವುದಿಲ್ಲ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಕೋಪ್‌ಮನ್ ತೋರಿಸಿಕೊಟ್ಟದ್ದು ಇದನ್ನೇ. ಆದರೆ ಆ ಕೆಲವು ವಾರ ಲಿಂಫು ತಣ್ಣಗಿರಬೇಕು. ಬಿಸಿ ತಾಗಿದರೆ ಗ್ಲಿಸರಿನ್ ದಾಕಿನ ವೈರಾಣುವನ್ನೂ ಬಿಡುವುದಿಲ್ಲ.

ಮೈಸೂರು ಸಂಸ್ಥಾನಕ್ಕೆ ಬೆಂಗಳೂರಿನಲ್ಲಿ ಸ್ವಂತ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಇತ್ತು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸರ್ಕಾರದ ಸೇವೆಗೆ ಬಂದ ಡಾ. ಪಲ್ಪು ಲಿಂಫು ತಯಾರಿಕೆಯಲ್ಲಿ ದುಡಿದವರು. ಮದರಾಸಿನ ಗಿಂಡಿಯಲ್ಲಿ ಕಿಂಗ್ ಇನ್‌ಸ್ಟಿಟ್ಯೂಟ್ ಎದ್ದಿತು. ಯಾರ ಹೆಸರು ಅದಕ್ಕಿದೆಯೋ ಆ ಕರ್ನಲ್ ಕಿಂಗ್, ಬಿಸಿಲಿಗೆ ತಡೆಯಲೆಂದು ಲಿಂಫನ್ನು ಉಣ್ಣೆಯ ಜಿಡ್ಡಾದ ಲ್ಯಾನೋಲಿನ್‌ನಲ್ಲಿ ಅರೆದು ಮುಲಾಮಿನಂತೆ ಕಳಿಸುವ ಕ್ರಮ ತಂದವರು. ಬೆಳಗಾವಿಯಲ್ಲಿ ಬೊಂಬಾಯಿ ಪ್ರಾಂತ್ಯದ ಡಿಪೋ ಇತ್ತು, ಆ ಜಾಗವನ್ನು ಊರವರು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ತಯಾರಿಕೆ ಕೆಟ್ಟದಾಗಿರಲಿಲ್ಲ. ಕೆಡುತ್ತಿದ್ದದ್ದು ದಾರಿಯಲ್ಲಿ.

ಗ್ಲಿಸರಿನ್ ಲಿಂಫು ಮಂಜಿನ ತಂಪಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಆಯಸ್ಸು ಕೆಲವೇ ದಿನ. ವಾರ ದಾಟಿದರೆ ನಂಬುವಂತಿಲ್ಲ. ಈಗ ದಾರಿ ಲೆಕ್ಕ ಹಾಕಿ. ಬೆಂಗಳೂರಿನಿಂದ ತಪಾಲು ಚೀಲದಲ್ಲಿ ರೈಲಿಗೆ, ರೈಲಿನಿಂದ ಬೌರಿಂಗ್‌ಪೇಟೆಗೆ. ಅಲ್ಲಿಂದ ಕೋಲಾರ ಪಟ್ಟಣಕ್ಕೆ ಸಣ್ಣ ರೈಲು ಬಂದದ್ದೇ 1913ರಲ್ಲಿ. ಅದಕ್ಕೆ ಮುಂಚೆ ಗಾಡಿಯಲ್ಲಿ. ಕಚೇರಿಯಲ್ಲಿ ಕಟ್ಟು ಬಿಚ್ಚಿ ಹಂಚುವುದಕ್ಕೆ ಒಂದೆರಡು ದಿನ. ಆಮೇಲೆ ದಾಕು ಹಾಕುವವನು ಕೂದಲೆಳೆಯಂಥ ಗಾಜಿನ ನಳಿಕೆಗಳ ಡಬ್ಬಿಯನ್ನು ಅಂಗಿಯ ಜೇಬಿಗೋ ಸೊಂಟಕ್ಕೋ ಸಿಕ್ಕಿಸಿ ಶ್ರೀನಿವಾಸಪುರದ ಕಡೆಯ ಹಳ್ಳಿಗಳಿಗೆ ಕಾಲುನಡಿಗೆಯಲ್ಲಿ ಹೊರಡುತ್ತಾನೆ. ಮೈಗೆ ತಾಗಿದ ಜೇಬಿನ ಕಾವು ಎಷ್ಟೆಂದು ಹೇಳಬೇಕಾಗಿಲ್ಲ. ಮಂಜುಗಡ್ಡೆ ಸಿಗದ ಕಡೆ ಮಾಡಬಹುದಾದದ್ದು ಇಷ್ಟೇ: ನಳಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಕುಡಿಕೆಯಲ್ಲಿ ನೆರಳಿಗಿಡುವುದು, ಬೆಳಗ್ಗೆ ಹೊತ್ತೇರುವ ಮುಂಚೆ ಕೆಲಸ ಮುಗಿಸುವುದು, ಬಿಚ್ಚಿದ ನಳಿಕೆಯಲ್ಲಿ ಮಿಕ್ಕದ್ದನ್ನು ಮರುದಿನಕ್ಕೆ ಉಳಿಸದಿರುವುದು. ಕೊನೆಯದನ್ನು ಪಾಲಿಸುವುದು ಕಷ್ಟ, ಏಕೆಂದರೆ ಮೇಲಿನವರು ನಳಿಕೆಯ ಲೆಕ್ಕ ಕೇಳುತ್ತಾರೆ.

ಇದಕ್ಕೆ ಋತುಮಾನದ ಹೆಣಗಾಟ ಬೇರೆ. ದಾಕಿನ ಕೆಲಸ ನಡೆಯುತ್ತಿದ್ದದ್ದು ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚಿನವರೆಗೆ, ಲಿಂಫು ಬದುಕಿರುವ ತಂಪು ತಿಂಗಳುಗಳಲ್ಲಿ. ನಮ್ಮ ಕಡೆ ಅದರಲ್ಲಿ ನವೆಂಬರ್, ಡಿಸೆಂಬರ್ ರಾಗಿ ಕೊಯ್ಲಿನ ಕಾಲ. ತೆನೆ ಉದುರುವ ಹೊತ್ತಿನಲ್ಲಿ ಒಬ್ಬ ಹೆಣ್ಣಾಳು ಕೂಸನ್ನು ಎತ್ತಿಕೊಂಡು ಚಾವಡಿಗೆ ಬಂದು ಕೂರುವುದೆಂದರೆ ಆ ದಿನದ ಕೂಲಿ ಹೋಯಿತು. ಎಂಟನೇ ದಿನ ತೋಳು ತೋರಿಸಲು ಮತ್ತೆ ಬರಬೇಕೆಂದರೆ ಎರಡನೇ ಕೂಲಿಯೂ ಹೋಯಿತು. ಸಂಕ್ರಾಂತಿ ಕಳೆದು ಬಿಡುವಾಗುವಷ್ಟರಲ್ಲಿ ಸಿಡುಬು ತಲೆಯೆತ್ತುತ್ತದೆ. ಒಣ ಹವೆಯಲ್ಲಿ ಏರುತ್ತ ಮಾರ್ಚಿನಿಂದ ಮೇವರೆಗೆ ಅದರ ಅಬ್ಬರ. ಮಳೆ ಹಿಡಿದ ಮೇಲೆ ಇಳಿತ. ಶಿವರಾತ್ರಿಗೆ ಅವನಿಯ ದನಗಳ ಜಾತ್ರೆ, ನಂದಿಯ ಜಾತ್ರೆ. ಊರೂರಿನ ಜನ ಒಂದೆಡೆ. ಜನ ತಾವಾಗಿಯೇ ದಾಕು ಬೇಕೆಂದು ಕೇಳುವ ಹೊತ್ತಿಗೆ ಕೋಲಾರದ ಬಿಸಿಲು 35 ಡಿಗ್ರಿ ಮುಟ್ಟುತ್ತಿರುತ್ತದೆ, ಸಿಗುವ ಲಿಂಫು ಅರ್ಧ ಸತ್ತಿರುತ್ತದೆ. ಆಗ ಹಾಕಿದ ದಾಕು ಹತ್ತುವುದಿಲ್ಲ, ಮಗುವಿಗೆ ಸಿಡುಬು ಬರುತ್ತದೆ, ಇಡೀ ಕೇರಿ ದಾಕಿನ ಮೇಲೆ ನಂಬಿಕೆ ಕಳೆದುಕೊಳ್ಳುತ್ತದೆ. ಕಣ್ಣಾರೆ ಕಂಡದ್ದನ್ನು ನಂಬಿದವರಿಗೆ ಮೌಢ್ಯದ ಪಟ್ಟ ಕಟ್ಟಿದ್ದೇವೆ.

ದಾಕು ಹಾಕಿದ ಮೇಲೆ ಸಿಡುಬು ಬಂತು ಎಂಬ ದೂರಿಗೆ ಲಿಂಫಿನ ಸಾವಲ್ಲದೆ ಇನ್ನೊಂದು ಕಾರಣವೂ ಇದೆ, ಅದು ದಿನಗಳ ಲೆಕ್ಕ. ಸಿಡುಬಿನ ಸೋಂಕು ಮೈಗೆ ಸೇರಿ ಜ್ವರ ಬರುವುದಕ್ಕೆ ಸಾಮಾನ್ಯವಾಗಿ 12 ದಿನ. ಬೇಗವೆಂದರೆ 7, ತಡವೆಂದರೆ 17. ಜ್ವರ ಬಂದ ಎರಡು ಮೂರು ದಿನಕ್ಕೆ ಮೈಮೇಲೆ ಏಳುತ್ತದೆ. ಸೋಂಕು ತಗುಲಿದ ಮೂರು ನಾಲ್ಕು ದಿನದೊಳಗೆ ದಾಕು ಹತ್ತಿದರೆ ರೋಗ ತಡೆಯುತ್ತದೆ, ಇಲ್ಲವೇ ಹಗುರಾಗುತ್ತದೆ. ಪಕ್ಕದ ಮನೆಯಲ್ಲಿ ಸಿಡುಬು ಎಂದು ಗೊತ್ತಾಗಿ, ಸುದ್ದಿ ಕಚೇರಿ ಮುಟ್ಟಿ, ದಾಕಿನವನು ಬರುವಷ್ಟರಲ್ಲಿ ಏಳೆಂಟು ದಿನ ಕಳೆದಿರುತ್ತದೆ. ಅಂದು ಹಾಕಿದ ದಾಕಿನ ಗುಳ್ಳೆಯೂ ಏಳುತ್ತದೆ, ಅದರ ಬೆನ್ನಿಗೇ ಸಿಡುಬೂ ಏಳುತ್ತದೆ. ನೋಡುವವರಿಗೆ ದಾಕಿನಿಂದಲೇ ಸಿಡುಬು ಬಂದಂತೆ ಕಾಣುತ್ತದೆ. ಇದನ್ನು ಬಿಡಿಸಿ ಹೇಳುವ ವ್ಯವಧಾನ ದಿನಕ್ಕೆ ಇಷ್ಟು ತೋಳು ಎಂಬ ಒತ್ತಡದಲ್ಲಿದ್ದವನಿಗೆ ಎಲ್ಲಿಂದ ಬರಬೇಕು?

ಹಾಕುವ ಕೈಗೆಲಸದಲ್ಲೂ ಎಡವಟ್ಟಿಗೆ ಜಾಗ ಬೇಕಾದಷ್ಟಿತ್ತು. ತೋಳನ್ನು ಸೋಪು ನೀರಿನಿಂದ ತೊಳೆದು ಒಣಗಿಸಬೇಕು. ಸ್ಪಿರಿಟ್ ಹಚ್ಚಿ ಅದು ಆರುವ ಮುಂಚೆಯೇ ಲಿಂಫು ಬಿಟ್ಟರೆ ವೈರಾಣು ಅಲ್ಲೇ ಸಾಯುತ್ತದೆ. ಲ್ಯಾನ್ಸೆಟ್ಟನ್ನು ಪ್ರತಿ ಮಗುವಿಗೂ ದೀಪದ ಉರಿಯಲ್ಲಿ ಹಾಯಿಸಿ ಆರಿಸಿಕೊಳ್ಳಬೇಕು. ಬಿಸಿಯಾಗಿರುವಾಗಲೇ ಲಿಂಫಿಗೆ ಅದ್ದಿದರೂ ಕೆಲಸ ಕೆಟ್ಟಿತು, ಉರಿ ತೋರಿಸದೆ ಒಂದೇ ಅಲಗಿನಲ್ಲಿ ಸಾಲಾಗಿ ಹತ್ತು ಮಕ್ಕಳನ್ನು ಮುಗಿಸಿದರೆ ನಂಜು ದಾಟಿತು. ಗೀರು ಎಷ್ಟು ಆಳ ಎಂದರೆ ಚರ್ಮ ಕೆಂಪಗೆ ತೇವವಾಗಬೇಕು, ರಕ್ತ ಹರಿಯಬಾರದು. ಹರಿದರೆ ಲಿಂಫನ್ನು ಕೊಚ್ಚಿಕೊಂಡು ಹೋಗುತ್ತದೆ. ಇಂಡಿಯಾದಲ್ಲಿ ಹೆಚ್ಚು ಬಳಕೆಯಲ್ಲಿದ್ದ ತಿರುಗಿಸುವ ಲ್ಯಾನ್ಸೆಟ್ಟಿನ ದೊಡ್ಡ ದೋಷ ಇದೇ. ಒಂದು ಕಡ್ಡಿಯ ತುದಿಗೆ ಮುಳ್ಳು ಮುಳ್ಳಾದ ಪುಟ್ಟ ಬಿಲ್ಲೆ, ಅದನ್ನು ತೋಳಿನ ಮೇಲೆ ಒತ್ತಿ ಬೆರಳಲ್ಲಿ ಹೊರಳಿಸುವುದು. ಕೆಲಸ ಬೇಗ ಆಗುತ್ತಿತ್ತು, ಆದರೆ ಕೈ ಸ್ವಲ್ಪ ಭಾರವಾದರೆ ಚರ್ಮ ಅರೆದುಹೋಗಿ ದೊಡ್ಡ ಹುಣ್ಣಾಗುತ್ತಿತ್ತು. ಅಜ್ಜ ಅಜ್ಜಿಯರ ತೋಳಿನಲ್ಲಿ ನಾಲ್ಕಾಣೆ ಅಗಲದ ಗುಳಿಗಲೆಗಳನ್ನು ನೋಡಿದವರಿಗೆ ಇದು ಗೊತ್ತು.

ಹಾಕುತ್ತಿದ್ದದ್ದು ಒಂದು ಗುರುತಲ್ಲ, ನಾಲ್ಕು. ಗುಳ್ಳೆಗಳು ಕೂಡಿಕೊಳ್ಳದಂತೆ ನಡುವೆ ಒಂದು ಅಂಗುಲದಷ್ಟು ಜಾಗ ಬಿಡಬೇಕು. ಲಂಡನ್ನಿನ ಸಿಡುಬು ಆಸ್ಪತ್ರೆಯಲ್ಲಿ ಮಾರ್ಸನ್ ಎಂಬ ವೈದ್ಯ ವರ್ಷಾನುಗಟ್ಟಲೆ ರೋಗಿಗಳ ಕಲೆ ಎಣಿಸಿ, ಒಳ್ಳೆಯ ಕಲೆ ಹೆಚ್ಚಿದ್ದಷ್ಟೂ ಸಾವು ಕಡಿಮೆ ಎಂದು ತೋರಿಸಿದ್ದ; ನಾಲ್ಕರ ನಿಯಮದ ಹಿಂದೆ ಇದ್ದದ್ದು ಆ ಲೆಕ್ಕ. ಆದರೆ ನಾಲ್ಕು ಗೀರಿಗೆ ಮಗು ಅತ್ತಷ್ಟೂ ತಾಯಿ ಎರಡಕ್ಕೇ ಸಾಕು ಎನ್ನುತ್ತಾಳೆ. ಹಾಕಿದ ಮೇಲೆ ನೆರಳಿನಲ್ಲಿ ಐದು ಹತ್ತು ನಿಮಿಷ ತೋಳು ಬಿಚ್ಚಿಟ್ಟು ಒಣಗಿಸಬೇಕು. ಚಾವಡಿ ಇಳಿಯುವ ಮುಂಚೆಯೇ ಸೆರಗಿನಿಂದ ಒರೆಸಿಬಿಟ್ಟರೆ, ಬಿಸಿಲಿಗೆ ಒಡ್ಡಿದರೆ, ಎಲ್ಲ ವ್ಯರ್ಥ. ಮನೆಗೆ ಹೋದ ಮೇಲೆ ಬೆಣ್ಣೆ, ಅರಿಶಿನ, ಸಗಣಿ ಬೂದಿ ಮೆತ್ತುವುದು ಇನ್ನೊಂದು ತೊಂದರೆ. ಬೂದಿ, ಸಗಣಿಯಿಂದ ಧನುರ್ವಾಯು ಬರುವ ಅಪಾಯವೂ ಇತ್ತು.

ಈಗ ಎಂಟನೇ ದಿನಕ್ಕೆ ಬರೋಣ, ಏಕೆಂದರೆ ಇಡೀ ಕಾರ್ಯಕ್ರಮ ನಿಂತಿದ್ದದ್ದು ಅದರ ಮೇಲೆ. ಸರಿಯಾಗಿ ಹತ್ತಿದ ದಾಕು ಹೀಗೆ ನಡೆಯುತ್ತದೆ: ಮೂರನೇ ನಾಲ್ಕನೇ ದಿನ ಕೆಂಪು ಗಂಟು, ಐದಾರಕ್ಕೆ ನೀರ್ಗುಳ್ಳೆ, ಎಂಟಕ್ಕೆ ಗುಳ್ಳೆ ತುಂಬಿ ನಡುವೆ ಹೊಕ್ಕುಳಿನಂತೆ ತಗ್ಗು, ಸುತ್ತಲೂ ಕೆಂಪು ಬಳೆ. ಮಗುವಿಗೆ ಮೈ ಬೆಚ್ಚಗೆ, ಕಂಕುಳಲ್ಲಿ ಗಂಟು. ಹತ್ತು ಹನ್ನೊಂದಕ್ಕೆ ಕೀವು ಬಣ್ಣ, ಆಮೇಲೆ ಒಣಗಿ ಕಪ್ಪು ಹಕ್ಕಳೆ, ಮೂರು ವಾರಕ್ಕೆ ತಾನಾಗಿ ಉದುರುತ್ತದೆ. ಎರಡನೇ ದಿನವೇ ಕೆಂಪೇರಿ ಐದಕ್ಕೆ ಆರಿಹೋದದ್ದು, ಮೊದಲ ದಾಕಿನ ಮಗುವಿನಲ್ಲಿ, ಹತ್ತಿದ್ದಲ್ಲ. ಬರೀ ನಂಜು ಅಥವಾ ಗೀರಿನ ಉರಿ. ಇದನ್ನೆಲ್ಲ ಹೇಳಬಲ್ಲವನು ಎಂಟನೇ ದಿನ ತೋಳು ನೋಡಿದವನು ಮಾತ್ರ. ನೋಡಲು ಮತ್ತೆ ಅದೇ ಹಳ್ಳಿಗೆ ನಡೆಯಬೇಕು, ಅಷ್ಟರಲ್ಲಿ ಪಟ್ಟಿಯಲ್ಲಿ ಮುಂದಿನ ಹಳ್ಳಿಯ ದಿನವೂ ಬಂದಿರುತ್ತದೆ. ತಾಯಿ ಕೊಯ್ಲಿಗೆ ಹೋಗಿರುತ್ತಾಳೆ.

ಅದಕ್ಕೇ ವಾರ್ಷಿಕ ವರದಿಗಳಲ್ಲಿ ಮೂರು ಅಂಕಣ: ಸಫಲ, ವಿಫಲ, ಗೊತ್ತಿಲ್ಲ. ಶೇಕಡಾವಾರು ಲೆಕ್ಕ ಹಾಕುವಾಗ ‘ಗೊತ್ತಿಲ್ಲ’ದವರನ್ನು ಬಿಟ್ಟು ಹಾಕುವ ರೂಢಿ. ನೂರು ಮಕ್ಕಳಿಗೆ ಹಾಕಿ ಅರವತ್ತು ಮಕ್ಕಳನ್ನು ನೋಡಿ, ಅದರಲ್ಲಿ ಐವತ್ತನಾಲ್ಕಕ್ಕೆ ಹತ್ತಿದ್ದರೆ ಯಶಸ್ಸು ಶೇ 90 ಎಂದು ಬರೆಯಬಹುದು. ನೂರರಲ್ಲಿ ರಕ್ಷಣೆ ಸಿಕ್ಕಿದ್ದು ಖಾತ್ರಿಯಾದದ್ದು ಐವತ್ತನಾಲ್ಕಕ್ಕೆ ಮಾತ್ರ. ನಿಮ್ಮ ಲೇಖಕರು ಹಳೆಯ ವರದಿಗಳ ಶೇಕಡಾವನ್ನು ಹಾಗೆಯೇ ಎತ್ತಿಕೊಂಡು, ಇಷ್ಟು ಚೆನ್ನಾಗಿ ದಾಕು ಹತ್ತಿದ್ದರೂ ರೋಗ ಉಳಿದದ್ದಕ್ಕೆ ಜನರ ಅಸಹಕಾರವೇ ಕಾರಣ ಎಂದಿದ್ದಾರೆ. ಆ ಶೇಕಡಾವನ್ನು ಮೊದಲು ಬಿಚ್ಚಿ ನೋಡಬೇಕಿತ್ತು.

ಇನ್ನು ದೊಡ್ಡವರು. ಒಮ್ಮೆ ಹತ್ತಿದ ದಾಕು ಜೀವಮಾನಕ್ಕೆ ಸಾಕು ಎಂದು ಲೇಖನದಲ್ಲಿದೆ. ಇಲ್ಲ. ಒಂದು ದಾಕಿನ ಪೂರ್ಣ ಬಲ ಐದರಿಂದ ಹತ್ತು ವರ್ಷ. ಆಮೇಲೆ ಸಾವಿನಿಂದ ಕಾಯುವ ಶಕ್ತಿ ಒಂದಿಷ್ಟು ಉಳಿದರೂ ರೋಗದಿಂದ ಕಾಯುವುದು ಕುಂದುತ್ತ ಹೋಗುತ್ತದೆ. ಜರ್ಮನಿ 1874ರಲ್ಲೇ ಹನ್ನೆರಡರ ವಯಸ್ಸಿಗೆ ಎರಡನೇ ದಾಕು ಕಡ್ಡಾಯ ಮಾಡಿ ಸಿಡುಬನ್ನು ಹತೋಟಿಗೆ ತಂದಿತು. ಬ್ರಿಟಿಷ್ ಇಂಡಿಯಾದ 1880ರ ದಾಕಿನ ಕಾಯ್ದೆಯ ಗಮನವೆಲ್ಲ ಮೊದಲ ದಾಕಿನ ಮೇಲೆ, ಮಕ್ಕಳ ಮೇಲೆ. ಕೋಲಾರ ಜಿಲ್ಲೆಯಲ್ಲಿ ಈ ಕೊರತೆ ಎಲ್ಲಕ್ಕಿಂತ ಹೆಚ್ಚು ಕಾಡಬಹುದಾದ ಜಾಗ ಚಿನ್ನದ ಗಣಿ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ಬಂತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಮೇಸ್ತ್ರಿಗಳು ಆಳು ಕರೆತರುತ್ತಿದ್ದರು. ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲು, ಒಂದೊಂದರಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರ. ಪೊಂಗಲ್‌ಗೆ ಊರಿಗೆ ಹೋಗಿ ಜನವರಿ ಕೊನೆಗೆ ತಿರುಗಿ ಬರುವವರ ಜೊತೆ, ಸಿಡುಬು ಏರುವ ಕಾಲಕ್ಕೇ, ಸೋಂಕೂ ರೈಲು ಹತ್ತಬಹುದು. ಒಂದು ತಟ್ಟಿಯಾಚೆ ಮಲಗಿದವನ ಉಸಿರು ಈಚೆಯವನಿಗೆ ತಾಗುತ್ತದೆ.

ಇಂಥ ಜಾಗದಲ್ಲಿ ಬೇಕಾದದ್ದು ದೊಡ್ಡವರಿಗೆ ಮರುದಾಕು, ಅದೂ ಬಂದಿಳಿದ ದಿನವೇ. ದೊಡ್ಡವರಿಗೆ ದಾಕು ಹಾಕಿದರೆ ಏನಾಗುತ್ತದೆ? ಹಿಂದೆ ಹತ್ತಿದ್ದರೆ ಬೇಗ ಎದ್ದು ಬೇಗ ಆರುತ್ತದೆ. ಹಿಂದೆ ಹತ್ತಿಲ್ಲದಿದ್ದರೆ ಎಂಟನೇ ದಿನ ಜ್ವರ, ತೋಳು ಬಾವು, ಕಂಕುಳು ನೋವು; ಎರಡು ಮೂರು ದಿನ ಸುತ್ತಿಗೆ ಎತ್ತುವಂತಿಲ್ಲ. ದಿನಗೂಲಿಯವನಿಗೆ ಅದು ಎರಡು ಮೂರು ದಿನದ ಗಂಜಿ. ದಾಕಿನ ಜ್ವರಕ್ಕೆ ಕೂಲಿ ಕೊಡುವ ಪದ್ಧತಿ ಇಲ್ಲದ ಕಡೆ ಆಳುಗಳು ತೋಳು ಮುಚ್ಚಿಕೊಂಡರೆ ಅದನ್ನು ದೇವರ ಭಯದ ಲೆಕ್ಕಕ್ಕೆ ಬರೆಯಬಾರದು. ರೋಗಿಯನ್ನು ಬಚ್ಚಿಡುವುದಕ್ಕೂ ಇದೇ ಕಾರಣ: ಗೊತ್ತಾದರೆ ಇಡೀ ಸಂಸಾರವನ್ನು ಊರಾಚೆಗೆ ಸಾಗಿಸುತ್ತಾರೆ, ಗುಡಿಸಲು ಸುಡುತ್ತಾರೆ, ದುಡಿಮೆ ನಿಲ್ಲುತ್ತದೆ. 1898ರಿಂದ ಪ್ಲೇಗಿನ ಹೆಸರಿನಲ್ಲಿ ಮನೆ ಶೋಧ, ಕ್ಯಾಂಪು ಎಲ್ಲ ಕಂಡಿದ್ದ ಜನ ಅವರು.

ಮನೆಯ ಆಚರಣೆಗಳ ಬಗ್ಗೆಯೂ ಒಂದು ಮಾತು. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರು ಒಳಗೆ ಬರದಿರುವುದು, ಮನೆಯವರು ಬೇರೆ ಮನೆಗೆ ಹೋಗದಿರುವುದು, ಒಗ್ಗರಣೆ ಹಾಕದಿರುವುದು, ಕ್ಷೌರ ಮಾಡಿಸದಿರುವುದು, ಬಟ್ಟೆಯನ್ನು ಅಗಸರಿಗೆ ಹಾಕದಿರುವುದು. ಒಗ್ಗರಣೆ ಬಿಡಿ, ಉಳಿದವು ಪಾಲಿಸಿದಷ್ಟು ದಿನ ಒಳ್ಳೆಯ ಪ್ರತ್ಯೇಕವಾಸವೇ. ಕೆಡುತ್ತಿದ್ದದ್ದು ಕೊನೆಯಲ್ಲಿ. ಹಕ್ಕಳೆ ಪೂರ್ತಿ ಉದುರುವ ಮುಂಚೆಯೇ ನೀರು ಹಾಕಿ, ತಂಬಿಟ್ಟು ಆರತಿ ಮಾಡಿ, ನೆಂಟರಿಷ್ಟರನ್ನು ಕರೆದು, ಕಟ್ಟಿಟ್ಟ ಬಟ್ಟೆಯನ್ನು ಒಟ್ಟಿಗೆ ಅಗಸರ ಮನೆಗೆ ಕಳಿಸಿದರೆ ಸೋಂಕು ಕೇರಿ ದಾಟುತ್ತದೆ. ಕೊನೆಯ ಹಕ್ಕಳೆ ಉದುರುವವರೆಗೆ ರೋಗಿ ಅಂಟಿಸಬಲ್ಲ. ಅದಕ್ಕೆ ಮೂರು ವಾರ, ಕೆಲವೊಮ್ಮೆ ಹೆಚ್ಚು. ಅಂಗಾಲಿನ ದಪ್ಪ ಚರ್ಮದೊಳಗಿನ ಹಕ್ಕಳೆ ಎಲ್ಲಕ್ಕಿಂತ ತಡ. ಆಚರಣೆಗೆ ಅಡ್ಡ ನಿಲ್ಲುವ ಬದಲು ನೀರು ಹಾಕುವ ದಿನವನ್ನು ಒಂದು ವಾರ ಮುಂದೂಡಿಸಿ, ಬಟ್ಟೆಯನ್ನು ಮನೆಯಲ್ಲೇ ಕುದಿಸಲು ಹೇಳಿದ್ದರೆ ಅರ್ಧ ಕೆಲಸ ಆಗುತ್ತಿತ್ತು.

ಅದರ ಬದಲು, ಮನೆಯ ಸೋಂಕು ಕಳೆಯಲು ನಿಯಮದ ಪುಸ್ತಕದಲ್ಲಿದ್ದದ್ದು ಗಂಧಕದ ಹೊಗೆ. ಸಾವಿರ ಘನ ಅಡಿಗೆ, ಅಂದರೆ ಉದ್ದ ಅಗಲ ಎತ್ತರ ಹತ್ತು ಹತ್ತು ಅಡಿಯ ಕೋಣೆಗೆ, ಸುಮಾರು 3 ಪೌಂಡ್ ಗಂಧಕ. ಕಬ್ಬಿಣದ ಬಾಣಲೆಯನ್ನು ನೀರಿನ ತಟ್ಟೆಯಲ್ಲಿಟ್ಟು ಉರಿಸಿ, ಸಂದು ಗೊಂದಿಗೆಲ್ಲ ಕಾಗದ ಅಂಟಿಸಿ ಮುಚ್ಚಬೇಕು. ಇಂಗ್ಲೆಂಡಿನ ಇಟ್ಟಿಗೆ ಮನೆಗೆ ಸರಿ. ನಾಡಹೆಂಚಿನ ಮಾಡಿನಲ್ಲಿ, ತಟ್ಟಿ ಗೋಡೆಯಲ್ಲಿ ಹೊಗೆ ನಿಲ್ಲುವುದೆಲ್ಲಿ? ಹೆಂಚಿನ ಸಂದಿನಿಂದ ಹೊಗೆ ಏಳುವುದನ್ನು ನೋಡಿ ಕೆಲಸ ನಡೆದಿದೆ ಎಂದು ಬರೆದುಕೊಂಡು ಹೋಗುವುದಷ್ಟೇ ಆಗುತ್ತಿತ್ತು. ಬಿಸಿಲು, ಸುಣ್ಣ, ಕುದಿನೀರು ಇದಕ್ಕಿಂತ ಮೇಲು.

ಬಿಸಿಲಿಗೆ ತಡೆಯುವ ಒಣಪುಡಿ ಲಸಿಕೆ ಕೈಗೆ ಬಂದದ್ದು ಐವತ್ತರ ದಶಕದಲ್ಲಿ ಲಿಸ್ಟರ್ ಇನ್‌ಸ್ಟಿಟ್ಯೂಟಿನ ಕೊಲಿಯರ್ ಅದರ ತಯಾರಿಕೆ ಸುಧಾರಿಸಿದ ಮೇಲೆ. ತುದಿ ಎರಡು ಕವಲಾದ ದಾಕಿನ ಸೂಜಿ ಬಂದದ್ದು ಅರವತ್ತರ ದಶಕದ ಕೊನೆಗೆ. 1962ರಲ್ಲಿ ಶುರುವಾದ ರಾಷ್ಟ್ರೀಯ ಸಿಡುಬು ನಿರ್ಮೂಲನಾ ಕಾರ್ಯಕ್ರಮ ಮೊದಲು ಹೋದದ್ದು ಹಳೆಯ ದಾರಿಯಲ್ಲೇ, ಎಷ್ಟು ತೋಳು ಎಂಬ ಎಣಿಕೆಯ ಹಿಂದೆ. ಮನೆಮನೆ ಹುಡುಕಿ, ರೋಗಿಯ ಬಾಗಿಲಿಗೆ ಕಾವಲು ಹಾಕಿ, ಸುತ್ತಲಿನವರಿಗೆಲ್ಲ ಕೂಡಲೇ ದಾಕು ಹಾಕಿ, ಸುದ್ದಿ ತಂದವರಿಗೆ ಬಹುಮಾನ ಕೊಟ್ಟ ಮೇಲೆ 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ರೋಗಿ ಸಿಕ್ಕಿದ್ದು. ಜನ ಅದೇ ಜನ, ಮಾರಮ್ಮನೂ ಇದ್ದಳು. ಬದಲಾದದ್ದು ಮದ್ದು, ಉಪಕರಣ, ಕ್ರಮ.

ಇಷ್ಟು ಬರೆಯಲು ಇನ್ನೊಂದು ಉದ್ದೇಶವಿದೆ. ಜಿಲ್ಲೆಯ ಹಳೆಯ ಕಚೇರಿಗಳ ಅಟ್ಟಗಳಲ್ಲಿ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೀಗ ಬಿದ್ದ ಕೊಠಡಿಗಳಲ್ಲಿ, ಹಳೆಯ ಜನನ ಮರಣ ಪುಸ್ತಕಗಳ ಜೊತೆ ದಾಕು ರಿಜಿಸ್ಟರುಗಳು ಎಲ್ಲಾದರೂ ಉಳಿದಿದ್ದರೆ, ಸ್ವಚ್ಛತೆಯ ಹೆಸರಿನಲ್ಲಿ ತೂಕಕ್ಕೆ ಹಾಕಬೇಡಿ. ತೋಳು ಒಡ್ಡಿದ ಮನೆಗಳಿಗೂ ಸಿಡುಬು ಬಂದದ್ದೇಕೆ ಎಂದು ಮೇಲೆ ಕೇಳಿದ ಪ್ರಶ್ನೆಗೆ ಕೋಲಾರದ ಉತ್ತರ ಸಿಗುವುದಾದರೆ ಅಲ್ಲೇ. ತೆರೆದು ನೋಡುವವರು ಒಟ್ಟು ಮೊತ್ತದ ಪುಟ ಬಿಟ್ಟು ಒಳಪುಟ ನೋಡಲಿ: ದಾಕು ಹಾಕಿದ ತಾರೀಖು, ನೋಡಿದ ತಾರೀಖು, ಇವೆರಡರ ನಡುವಿನ ದಿನ. ಒಂದೇ ಊರಿನ ಎಲ್ಲ ಸಾಲಿಗೂ ಒಂದೇ ಶಾಯಿಯಲ್ಲಿ, ಒಂದೇ ಉಸಿರಿಗೆ ‘ಸಫಲ’ ಎಂದು ಬರೆದಿದ್ದರೆ ಅನುಮಾನಿಸಿ. ವಿಫಲದ ಸಂಖ್ಯೆ ಫೆಬ್ರವರಿಯಿಂದ ಏಪ್ರಿಲ್‌ಗೆ ಏರುತ್ತದೆಯೇ ನೋಡಿ. ಏರಿದ್ದರೆ ಲಿಂಫು ಬಿಸಿಲಿಗೆ ಸೋತಿದೆ. ಮರುದಾಕಿನ ಅಂಕಣ ಖಾಲಿ ಇದೆಯೇ? ಮರಣದ ಪುಸ್ತಕದಲ್ಲಿ ಸಿಡುಬಿನಿಂದ ಸತ್ತವರ ವಯಸ್ಸು ಹತ್ತು ದಾಟಿದ್ದರೆ ಅದನ್ನು ಬೇರೆ ಬರೆದುಕೊಳ್ಳಿ. ಒಂದು ಎಚ್ಚರಿಕೆ: ಪಟೇಲ ಶಾನುಭೋಗರು ಬರೆದ ‘ಸಿಡುಬು’ವಿನಲ್ಲಿ ದಡಾರ, ಸೀತಾಳೆ ಸಿಡುಬೂ ಸೇರಿರಬಹುದು.

ಪುಸ್ತಕಗಳಿಗೆ ಲ್ಯಾಮಿನೇಷನ್ ಮಾಡಿಸುವುದು, ಸೆಲ್ಲೋಟೇಪ್ ಹಚ್ಚುವುದು, ಹುಳ ಓಡಿಸಲು ಬಿಸಿಲಿಗೆ ಹರಡುವುದು ಬೇಡ. ಬಟ್ಟೆಯಲ್ಲಿ ಸುತ್ತಿ, ಮೊಬೈಲಿನಲ್ಲಾದರೂ ಪುಟಪುಟ ಚಿತ್ರ ತೆಗೆದು, ರಾಜ್ಯ ಪತ್ರಾಗಾರ ಇಲಾಖೆಗೆ ಬರೆಯಿರಿ. ರಿಜಿಸ್ಟರಿನ ಜೊತೆ ಬೆಂಕಿಯಲ್ಲಿ ತುದಿ ಬೆಸೆದ ಗಾಜಿನ ನಳಿಕೆಗಳಾಗಲಿ, ಮಡಿಚಿದ ಲಕೋಟೆಯಲ್ಲಿ ಒಣ ಹಕ್ಕಳೆಯಂಥದ್ದಾಗಲಿ ಸಿಕ್ಕರೆ ಒಡೆಯಬೇಡಿ, ಬಿಚ್ಚಬೇಡಿ. ನಳಿಕೆಯಲ್ಲಿರುವುದು ದಾಕಿನ ಲಿಂಫು, ಸಿಡುಬಲ್ಲ. ಹಕ್ಕಳೆಯ ವಿಷಯ ಹಾಗೆ ಹೇಳಲಾಗದು. ಅಮೆರಿಕದ ಸಾಂತಾ ಫೇ ಊರಿನ ಗ್ರಂಥಾಲಯದಲ್ಲಿ 2003ರಲ್ಲಿ ಹಳೆಯ ಪುಸ್ತಕದ ನಡುವೆ ಅಂಥದೊಂದು ಲಕೋಟೆ ಸಿಕ್ಕಿತ್ತು. ಇದ್ದಲ್ಲೇ ಬಿಟ್ಟು, ಕೋಣೆಗೆ ಬೀಗ ಹಾಕಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ತಿಳಿಸಿ.

ಇತಿ,
ಇಬ್ಬರು ನಿವೃತ್ತ ಆರೋಗ್ಯ ನಿರೀಕ್ಷಕರು, ಕೋಲಾರ